ಎರಡು ಮನೆಯ ಕಂದಾಯ, ಒಂದು ಚೊಂಬು ಹಾಲು

ಊರಿನವರ ಮನೆಗೆಲ್ಲ ಕಂದಾಯದವನು ಬರುತ್ತಾನೆ, ಹೋಗುತ್ತಾನೆ. ನನ್ನ ಮನೆಗೆ ಬಂದರೆ ಮಾತ್ರ ಒಂದು ಕಥೆ ಬಿಟ್ಟು ಹೋಗುತ್ತಾನೆ. ತಪ್ಪು ನನ್ನದಲ್ಲ. ನಾನು ಸುಳ್ಳು ಹೇಳುವವನೂ ಅಲ್ಲ. ನಿಜ ತೀರಾ ಅನ್ಯಾಯವಾಗಿದ್ದಾಗ ಅದನ್ನು ಕೊಂಚ ರಿಪೇರಿ ಮಾಡುತ್ತೇನೆ, ಅಷ್ಟೆ.

ಎರಡು ಸೂರು

ಮನೆ, ಹೆಂಡತಿ ಹುಣಸೂರಿನಲ್ಲಿ. ಕೆಲಸ ಹೆಗ್ಗಡದೇವನಕೋಟೆಯ ಮರದ ಡಿಪೋದಲ್ಲಿ. ಕಾಕನಕೋಟೆ ಕಾಡಿನಿಂದ ಬಂದ ತೇಗಕ್ಕೆ ನಂಬರು ಹೊಡೆಸುವ ಗುಮಾಸ್ತ ನಾನು. ದಿನಾ ಎತ್ತಿನಗಾಡಿಯಲ್ಲಿ ಓಡಾಡಿದರೆ ಡಿಪೋ ಮುಟ್ಟುವಷ್ಟರಲ್ಲಿ ಪೆನ್ಷನ್ ವಯಸ್ಸಾಗುತ್ತಿತ್ತು. ಅದಕ್ಕೇ ಹೆಗ್ಗಡದೇವನಕೋಟೆಯಲ್ಲೇ ಒಂದಂಕಣದ ಹೆಂಚಿನ ಮನೆ ಕೊಂಡೆ. ವಾರದೊಳಗೆ ಅಲ್ಲಿನ ಕಂದಾಯದವನು ಬಾಗಿಲಲ್ಲಿ!

“ಹುಣಸೂರಲ್ಲಿ ಕಟ್ತಾ ಇದ್ದೀನಲ್ಲಯ್ಯಾ!”

“ಅದು ಆ ಮನೇದು ಕಣ್ರೀ. ಇದು ಈ ಮನೇದು.”

“ಇರೋದು ನಾನೊಬ್ಬ! ನಾನಿಲ್ಲಿ ಮಲಗಿದ್ರೆ ಅಲ್ಲಿ ಯಾರು ಮಲಗ್ತಾರೆ?”

ಅವನು ತಲೆ ತಗ್ಗಿಸಿ ಮೆಲ್ಲಗೆ ಹೇಳಿದ: “ಅದು ನಿಮ್ ಸಂಸಾರದ ವಿಷ್ಯ. ನಾನ್ ಕೇಳ್‌ಬಾರ್ದು.”

ಬೂದಿ ಪರೀಕ್ಷೆ

ಖಾಲಿ ಬಿದ್ದ ಮನೆಗೆ ಅರ್ಧ ಕಂದಾಯ ಮಾಫಿ ಎಂದು ಆಮೇಲೆ ಗೊತ್ತಾಯಿತು. ಖಾಲಿಯೋ ಅಲ್ಲವೋ ತಿಳಿಯಲು ಅವರು ಮಾಡುತ್ತಿದ್ದುದು ಒಂದೇ: ಒಲೆಯ ಬೂದಿಗೆ ಕೈಯಿಡುವುದು. ತಣ್ಣಗಿದ್ದರೆ ಖಾಲಿ.

ಎರಡು ವಾರ ಕೋಟೆಯ ಮನೆಯಲ್ಲಿ ಒಲೆ ಹಚ್ಚದೆ ಅವಲಕ್ಕಿ ತಿಂದು ಬದುಕಿದೆ. ಕಂದಾಯದವನು ಬಂದ, ಕತ್ತಲಲ್ಲಿ ಒಲೆಗೆ ಕೈ ಹಾಕಿದ, ಕಿಟಾರನೆ ಕಿರುಚಿ ಹಾರಿದ. ಪಕ್ಕದ ಮನೆಯಾಕೆಯ ಕೋಳಿ ಒಳಗೆ ಕಾವಿಗೆ ಕೂತಿತ್ತು.

“ಬೆಚ್ಚಗದೆ ಕಣ್ರೀ!” ಎಂದ ಬೆರಳು ಚೀಪುತ್ತಾ.

“ಅದು ಕೋಳಿ ಬಿಸಿ ಕಣಯ್ಯಾ, ಒಲೆದಲ್ಲ!”

“ಕೋಳಿ ನಿಮ್ದಾ?”

“ನನ್ದಲ್ಲಪ್ಪಾ, ಪಕ್ಕದ ಮನೇದು.”

“ಅಂಗಾದ್ರೆ ಬಾಡಿಗೆಗೆ ಕೊಟ್ಟಿದ್ದೀರಿ,” ಎಂದು ಪೂರ್ತಿ ಕಂದಾಯ ಬರೆದುಕೊಂಡು ಹೋದ.

ಹಾಲಿನವನು

ನನಗೂ ರೋಷ ಬಂತು. ಕೋಟೆಯದು ಹೋಗಲಿ, ಹುಣಸೂರಿನದನ್ನೇ ಖಾಲಿ ಮಾಡಿಸುತ್ತೇನೆ ಎಂದು ಹೆಂಡತಿಯನ್ನು ಗುರುಪುರದ ತವರಿಗೆ ಕಳಿಸಿದೆ. ಬೀಗದ ಕೈ ಎದುರುಮನೆ ಅಜ್ಜಿಗೆ. ಹುಣಸೂರಿನ ಕಂದಾಯದವನು ತಣ್ಣನೆ ಬೂದಿ ಮುಟ್ಟಿ ‘ಖಾಲಿ’ ಎಂದು ಬರೆದ. ಗೆದ್ದೆ!

ಶನಿವಾರ ಬಂದು ನೋಡಿದರೆ ನನ್ನ ಮನೆಯ ಹೆಂಚಿನಿಂದ ಹೊಗೆ. ಸರ್ಕೀಟು ಬಂದ ಸಾಹೇಬರೊಬ್ಬರಿಗೆ ಬಿಡಾರ ಬೇಕಿತ್ತಂತೆ. ಪುಸ್ತಕದಲ್ಲಿ ‘ಖಾಲಿ’ ಎಂದಿತ್ತಂತೆ. ಅಜ್ಜಿ ಕೈಮುಗಿದು ಬೀಗದ ಕೈ ಕೊಟ್ಟಳಂತೆ. ನನ್ನ ಒಲೆಯ ಮುಂದೆ ಕೂತಿದ್ದ ಅವರ ಅಡುಗೆಯವನು ನನ್ನನ್ನೇ ಕೇಳಿದ: “ಯಾರ್ಲಾ ನೀನು?”

ಮನೆಯವನು ಎಂದರೆ ಮಾಫಿ ಹೋಯಿತು. “ಹಾಲಿನವನು ಸ್ವಾಮಿ,” ಎಂದುಬಿಟ್ಟೆ.

“ಸರಿ, ದಿನಾ ಎರಡು ಹೊತ್ತು ತಂದಾಕು.”

ಡಿಪೋಗೆ ಜ್ವರವೆಂದು ಬರೆದು, ಅಜ್ಜಿಯ ಜಗಲಿಯಲ್ಲಿ ಮಲಗಿ, ಮೂರು ದಿನ ಸ್ವಂತ ದುಡ್ಡಿನಲ್ಲಿ ಹಾಲು ಕೊಂಡು ನನ್ನ ಮನೆಗೇ ತಂದು ಹಾಕಿದೆ! ಹೊಟ್ಟೆಯುರಿಗೆ ದಾರಿಯ ಬಾವಿಯಲ್ಲಿ ಕೊಂಚ ನೀರು ಸೇರಿಸುತ್ತಿದ್ದೆ. ಕೊಂಚವೇ, ಆಣೆ ಮಾಡಿ ಹೇಳುತ್ತೇನೆ.

ನಾಲ್ಕನೆಯ ಬೆಳಿಗ್ಗೆ ಸಾಹೇಬರು ನನ್ನ ಮನೆಯ ಜಗಲಿಯಲ್ಲಿ, ಪಕ್ಕದಲ್ಲಿ ಕಂದಾಯದವನು, ಮುಂದೆ ಚೊಂಬು ಹಿಡಿದ ನಾನು. ಅಷ್ಟರಲ್ಲಿ ಗುರುಪುರದಿಂದ ಒಂದು ಗಾಡಿ ಬಂದು ನಿಂತಿತು; ಇಳಿದವಳು ನನ್ನ ಹೆಂಡತಿ.

“ಇದೇನ್ರೀ, ನಮ್ಮನೆ ಬಾಗ್ಲಲ್ಲೇ ಚೊಂಬು ಹಿಡ್ಕೊಂಡು ನಿಂತಿದ್ದೀರಿ?”

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. “ಯಾರಮ್ಮ ಇವನು?”

“ನಮ್ ಯಜಮಾನ್ರು ಸ್ವಾಮಿ. ಇದು ನಮ್ಮನೆ.”

ಸಾಹೇಬರು ಕಂದಾಯದವನ ಕಡೆ ತಿರುಗಿದರು. “ಈ ಮನೆಗೆ ಪೂರ್ತಿ ಹಾಕು. ಹಾಲು ಮಾರ್ತಾನಲ್ಲ, ಅದಕ್ಕೆ ಕಸುಬಿನ ತೆರಿಗೇನೂ ಹಾಕು.”

“ಅನ್ಯಾಯ ಸ್ವಾಮಿ!” ಎಂದು ಕೂಗಿದೆ. “ನನ್ಹತ್ರ ಒಂದು ಹಸೂನೂ ಇಲ್ಲ!”

ಒಳಗಿನಿಂದ ಅಡುಗೆಯವನು ಇಣುಕಿದ.

“ಅದು ಮೊದಲ್ನೇ ದಿನ ಹಾಲು ಕಾಸಿದಾಗ್ಲೇ ಗೊತ್ತಾಯ್ತು ಬುಡಿ.”