ಸೀಗಡಿಯ ಅರ್ಕಾವತ್ತು

ಎಲ್ಲರ ಮನೆಯಲ್ಲಿ ಬೆಳಿಗ್ಗೆ ತಿಂಡಿ ತಿನ್ನುತ್ತಾರೆ. ವಿದ್ಯಾರಣ್ಯಪುರಂನ ನಮ್ಮ ಮನೆಯಲ್ಲಿ ತಿಂಡಿಗಾಗಿ ಸಂಧಾನ ನಡೆಯುತ್ತದೆ. ಒಂದು ಪಕ್ಷದಲ್ಲಿ ತಟ್ಟೆ ಹಿಡಿದು ನಿಂತ ನನ್ನ ಹೆಂಡತಿ ಯಶೋಧಾ. ಎದುರು ಪಕ್ಷದಲ್ಲಿ ಬಾಯಿಗೆ ಬೀಗ ಜಡಿದುಕೊಂಡ ನಮ್ಮ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಗೌತಮಿ, ಎರಡನೇ ಕ್ಲಾಸು. ಚಿಕ್ಕವಳು ಸಮನ್ವಿತಾ, ಎಲ್‌ಕೆಜಿ. ನನ್ನ ತಾಯಿ ಪುಟ್ಟಲಿಂಗಮ್ಮ ಹಾಲ್‌ನಲ್ಲಿರುವ ದಿವಾನದ ಮೇಲೆ ಕುಳಿತ ವಿಶ್ವಸಂಸ್ಥೆ. ಎಲ್ಲವನ್ನೂ ಖಂಡಿಸುತ್ತಾಳೆ, ಏನನ್ನೂ ತಡೆಯುವುದಿಲ್ಲ. ಇನ್ನು ನಾನು, ಪ್ರೇಮ್‌ಕುಮಾರ್, ವಿಶ್ವವಿದ್ಯಾನಿಲಯದ ಕಚೇರಿಯಲ್ಲಿ ಗುಮಾಸ್ತ, ಪೇಪರಿನ ಹಿಂದೆ ಅವಿತ ತಟಸ್ಥ ರಾಷ್ಟ್ರ.

ಆ ಗುರುವಾರವೂ ತಟಸ್ಥನಾಗಿಯೇ ಇದ್ದಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ. ಚಿತ್ರಾನ್ನದಲ್ಲಿ ಕಡಲೆಬೇಳೆ ಇದೆ ಎಂಬ ಗಂಭೀರ ಆರೋಪದ ಮೇಲೆ ಸಮನ್ವಿತಾ ತಟ್ಟೆಯನ್ನು ತಳ್ಳಿದಳು. ಅಕ್ಕ ತಳ್ಳದೆ ಇದ್ದಾಳೆಯೇ? ಅವಳೂ ತಳ್ಳಿದಳು. ಹೊರಗೆ ಸ್ಕೂಲ್ ವ್ಯಾನಿನ ಹಾರ್ನು. ಯಶೋಧಾ ಉಸ್ಸಪ್ಪಾ ಎಂದು ಕುಳಿತಳು. ಆಗ ಪೇಪರಿನ ಹಿಂದಿನಿಂದ ನನ್ನ ನಾಲಿಗೆ ನನ್ನನ್ನು ಕೇಳದೆಯೇ ಹೊರಟಿತು.

"ಮಕ್ಕಳು ತಿನ್ನಲ್ಲ ಅನ್ನೋದು ಸುಳ್ಳು ಕಣೇ. ತಿನ್ನೋ ಹಂಗೆ ಮಾಡೋಕೆ ಬರಬೇಕು, ಅಷ್ಟೆ."

ಯಶೋಧಾ ದೊಡ್ಡಾಸ್ಪತ್ರೆಯಲ್ಲಿ ನರ್ಸ್. ಇಂಜೆಕ್ಷನ್ ಬೇಡ ಎಂದು ಹಟ ಹಿಡಿಯುವ ರೋಗಿಗಳನ್ನು ಹೇಗೆ ನೋಡುತ್ತಾಳೋ ಹಾಗೆ ನನ್ನನ್ನು ನೋಡಿದಳು.

"ನಿಮಗೆ ಬರುತ್ತಾ?"

"ಒಂದು ಭಾನುವಾರ ಅಡುಗೆಮನೆ ಬಿಟ್ಟುಕೊಡು, ತೋರಿಸ್ತೀನಿ."

"ಸರಿ ಬಿಡಿ. ಈ ಭಾನುವಾರ ನಾನು ಆ ಹೊಸ್ತಿಲು ತುಳಿಯಲ್ಲ. ಇಬ್ಬರೂ ತಟ್ಟೆ ಖಾಲಿ ಮಾಡಿದ್ರೆ, ಮಕ್ಕಳಿಗೆ ಉಣ್ಣಿಸೋ ಕಲೆ ನಿಮಗೊಬ್ಬರಿಗೇ ಬರೋದು ಅಂತ ಅತ್ತೆ ಎದುರಿಗೇ ಒಪ್ಕೋತೀನಿ. ಮಾಡಲಿಲ್ಲ ಅಂದ್ರೆ ಒಂದು ತಿಂಗಳು ಬೆಳಿಗ್ಗೆ ತಿಂಡಿ, ಇಬ್ಬರ ಡಬ್ಬಿ, ಎಲ್ಲ ನಿಮ್ಮದು."

"ಒಪ್ಪಿದೆ!" ಎಂದೆ. (ದಿವಾನದಿಂದ ವಿಶ್ವಸಂಸ್ಥೆ, "ಕೆಟ್ಟೆ ಕಣ್ಲಾ ಮಗನೇ" ಎಂದದ್ದು ಕಿವಿಗೆ ಬಿತ್ತು. ಲೆಕ್ಕಿಸಲಿಲ್ಲ.)

ಒಪ್ಪಿದ್ದಾಯಿತು, ಮಾಡುವುದೇನು? ಶುಕ್ರವಾರ ಆಫೀಸಿನಲ್ಲಿ ಪಕ್ಕದ ಮೇಜಿನ ವಿಶ್ವನಾಥ್ ಎದುರು ಸಮಸ್ಯೆ ಮಂಡಿಸಿದೆ. ಅವರು ಕಾರವಾರದ ಕಡೆಯವರು. ಮೀನಿನ ವಿಷಯ ಬಂದರೆ ಫೈಲು ಮುಚ್ಚಿಬಿಡುತ್ತಾರೆ.

"ಸೀಗಡಿ ಮಾಡಿ ಪ್ರೇಮ್. ಮುಳ್ಳಿಲ್ಲ, ಮೂಳೆಯಿಲ್ಲ, ಖಾರ ಹಾಕಲೇಬೇಕು ಅಂತಿಲ್ಲ. ನಮ್ಮ ಮನೇಲಿ ಹಲ್ಲು ಬಂದ ಮಕ್ಕಳೆಲ್ಲ ಅದನ್ನೇ ತಿಂದು ಬೆಳೆದಿರೋದು. ಐದೇ ನಿಮಿಷದ ಕೆಲಸ."

ಐದು ನಿಮಿಷ! ನನಗೆ ಜಯಮಾಲೆಯ ಪರಿಮಳವೇ ಬಂದಂತಾಯಿತು. ಶನಿವಾರವೆಲ್ಲ ಮೊಬೈಲಿನಲ್ಲಿ ವಿಡಿಯೋ ನೋಡಿ ಮೂರು ಬಗೆ ಆರಿಸಿದೆ. ಒಂದು, ಬೆಣ್ಣೆ ಸೀಗಡಿ. ಎರಡು, ಸೀಗಡಿ ಬಜ್ಜಿ. ಮೂರನೆಯದು ಯಾವುದೆಂದು ಹೇಳಲಾರೆ, ಅಷ್ಟರಲ್ಲಿ ಡೇಟಾ ಮುಗಿಯಿತು.

ಭಾನುವಾರ ಬೆಳಿಗ್ಗೆ ಎಂಟಕ್ಕೇ ಮೀನಂಗಡಿಯ ನಿಂಗಯ್ಯನ ಮುಂದೆ ನಿಂತಿದ್ದೆ.

"ಒಂದು ಕೆಜಿ ಸೀಗಡಿ. ಒಳ್ಳೇದು ನೋಡಿ ಕೊಡಿ, ಮಕ್ಕಳಿಗೆ."

"ಸುಲ್ದು, ಕಿಲೀನ್ ಮಾಡ್ಕೊಡ್ಲಾ ಸಾ?"

ಮನುಷ್ಯನ ಬದುಕಿನಲ್ಲಿ ಒಂದೇ ಅಕ್ಷರ ಹೇಳಿ ಪಾರಾಗುವ ಕ್ಷಣಗಳು ಬರುತ್ತವೆ. 'ಹೂಂ' ಎಂದಿದ್ದರೆ ಸಾಕಿತ್ತು. ಆದರೆ ಪೂರ್ತಿ ಕೀರ್ತಿ ನನಗೇ ಸಲ್ಲಬೇಕಲ್ಲ! "ಬೇಡ, ನಾನೇ ಮಾಡ್ಕೋತೀನಿ" ಎಂದೆ. ನಿಂಗಯ್ಯ ನನ್ನ ಕೈಯನ್ನೂ ಅದರ ಮೃದುವಾದ ಬೆರಳುಗಳನ್ನೂ ಒಮ್ಮೆ ನೋಡಿ, "ನಿಮ್ಮಿಷ್ಟ ಬುಡಿ ಸಾ" ಎಂದು ಚೀಲ ಕೊಟ್ಟ.

ಸಿಂಕಿನಲ್ಲಿ ಸುರಿದಾಗಲೇ ತಿಳಿದದ್ದು, ಒಂದು ಕೆಜಿ ಸೀಗಡಿ ಎಂದರೆ ಒಂದಲ್ಲ, ಸುಮಾರು ನೂರು. ಪ್ರತಿಯೊಂದಕ್ಕೂ ತಲೆ ಬೇರೆ, ಸಿಪ್ಪೆ ಬೇರೆ, ಕಾಲಂತೂ ಸರ್ಕಾರಿ ಸುತ್ತೋಲೆಯ ಉಪನಿಯಮಗಳ ಹಾಗೆ ಎಣಿಸಿದಷ್ಟೂ ಇವೆ. ಎಲ್ಲ ಕಿತ್ತರೂ ಮುಗಿಯಲಿಲ್ಲ. ಬೆನ್ನು ಸೀಳಿ ಕಪ್ಪು ನರ ತೆಗೆಯಬೇಕಂತೆ. ಮಕ್ಕಳಿಬ್ಬರೂ ಸ್ಟೂಲು ಹಾಕಿಕೊಂಡು ಸಿಂಕಿನ ಪಕ್ಕ ಗ್ಯಾಲರಿ ಹಿಡಿದರು.

"ಅಪ್ಪಾ, ಇದಕ್ಕೆ ಮೀಸೆ ಇದೆ" ಎಂದಳು ಸಮನ್ವಿತಾ.

"ಹೌದು ಕಂದಾ."

"ಇವರು ವ್ಯಾನ್ ಅಂಕಲ್ಲಾ?"

ಹೀಗೆ ಒಂದಕ್ಕೆ ವ್ಯಾನ್ ಅಂಕಲ್ ಎಂದು ನಾಮಕರಣವಾಯಿತು. ಮತ್ತೊಂದು ಅವರ ಹೆಂಡತಿಯಾಯಿತು. ಮೂರನೆಯದರ ತಲೆ ಮುರಿಯುವ ಹೊತ್ತಿಗೆ ಅದು ಅವರ ಪಾಪು ಎಂದು ಗೌತಮಿ ಹೇಳಿಬಿಟ್ಟಿದ್ದಳು. ಅಡುಗೆಮನೆಯಲ್ಲಿ ಅಳು ಎದ್ದಿತು. ವ್ಯಾನ್ ಅಂಕಲ್ ದಂಪತಿಗಳನ್ನು ಬಟ್ಟಲಿನಲ್ಲಿ ನೀರು ಹಾಕಿ ಕೂರಿಸಿದ ಮೇಲೆಯೇ ಕೆಲಸ ಮುಂದುವರಿದದ್ದು. (ಮಕ್ಕಳು ಟಿವಿ ಕಡೆ ಹೋದಾಗ ಅವರೂ ಕುಲಬಾಂಧವರನ್ನು ಸೇರಿಕೊಂಡರು. ಈ ಸಂಗತಿ ನಮ್ಮಲ್ಲೇ ಇರಲಿ.)

ಸುಲಿದು ಮುಗಿಯುವಾಗ ಗಂಟೆ ಹನ್ನೊಂದು. ನನ್ನ ಹೆಬ್ಬೆರಳಿಗೆ ಎರಡು ಕಡೆ ಗಾಯ. ಯಶೋಧಾ ಕೊಟ್ಟ ಮಾತಿನಂತೆ ಹೊಸ್ತಿಲು ತುಳಿಯದೆ, ಆಚೆಯಿಂದಲೇ ಕೈ ಚಾಚಿ ಪ್ಲಾಸ್ಟರ್ ಅಂಟಿಸಿ, ಮತ್ತೆ ಹೋಗಿ ಧಾರಾವಾಹಿ ನೋಡುತ್ತಾ ಕುಳಿತಳು. ಆ ಮುಖದ ಶಾಂತಿ ನನಗೆ ಯಾಕೋ ಹಿಡಿಸಲಿಲ್ಲ.

ಮೊದಲಿಗೆ ಬೆಣ್ಣೆ ಸೀಗಡಿ. ಬಾಣಲೆಗೆ ಬೆಣ್ಣೆ, ಬೆಳ್ಳುಳ್ಳಿ, ಚಿಟಿಕೆ ಕಾಳುಮೆಣಸಿನ ಪುಡಿ, ಸೀಗಡಿ. ಐದು ನಿಮಿಷ ಎಂದಿದ್ದರು ವಿಶ್ವನಾಥ್. ಆದರೆ ಪುಟ್ಟ ಮಕ್ಕಳ ಹೊಟ್ಟೆ, ಹಸಿ ಉಳಿದರೆ? ಜವಾಬ್ದಾರಿಯುತ ತಂದೆಯಾಗಿ ಇಪ್ಪತ್ತೈದು ನಿಮಿಷ ಬೇಯಿಸಿದೆ.

ಗೌತಮಿ ಒಂದನ್ನು ಬಾಯಿಗೆ ಹಾಕಿಕೊಂಡಳು. ಅಗಿದಳು. ಕಾರ್ಟೂನು ಮುಗಿದು ಜಾಹೀರಾತು ಬಂತು, ಜಾಹೀರಾತು ಮುಗಿದು ಇನ್ನೊಂದು ಕಾರ್ಟೂನು ಬಂತು. ಅವಳಿನ್ನೂ ಅಗಿಯುತ್ತಲೇ ಇದ್ದಳು.

"ಅಪ್ಪಾ, ಇದು ಮುಗಿಯೋದೇ ಇಲ್ವಾ?"

ಸಮನ್ವಿತಾ ತನ್ನದನ್ನು ನೆಲಕ್ಕೆ ಬಿಟ್ಟು ನೋಡಿದಳು. ಅದು ಪುಟಿಯಿತು. ಅವಳಿಗೆ ಬಹಳ ಖುಷಿಯಾಯಿತು, ಆದರೆ ಷರತ್ತು ತಿನ್ನುವುದರ ಮೇಲಿತ್ತು.

"ಲೋ ಪ್ರೇಮ, ಅದೇನು ಕುರಿ ತಲೆ ಅನ್ಕಂಡಾ, ಅಷ್ಟೊತ್ತು ಬೇಯಿಸಾಕೆ? ಟಯರ್ ಮಾಡಿಕ್ಕಿದೀಯಲ್ಲೋ!" ಎಂದು ಅಮ್ಮ ಖಂಡನಾ ನಿರ್ಣಯ ಹೊರಡಿಸಿದಳು.

ಎರಡನೆಯದು ಬಜ್ಜಿ. ಕಡಲೆಹಿಟ್ಟು ಕಲಸಿ, ಅದರಲ್ಲಿ ಸೀಗಡಿ ಅದ್ದಿ ಎಣ್ಣೆಗೆ ಬಿಟ್ಟೆ. ತೊಳೆದ ಸೀಗಡಿಯ ನೀರು ಒರೆಸಬೇಕೆಂದು ವಿಡಿಯೋದವರು ಹೇಳಿದ್ದರೋ ಏನೋ, ನಾನು ಆ ಭಾಗ ಓಡಿಸಿಕೊಂಡು ನೋಡಿದ್ದೆ. ಬಾಣಲೆಯೊಳಗೆ ದೀಪಾವಳಿ ಶುರುವಾಯಿತು. ಒಂದು ಕೈಯಲ್ಲಿ ಜಾಲರಿ, ಇನ್ನೊಂದರಲ್ಲಿ ಪಾತ್ರೆಯ ಮುಚ್ಚಳವನ್ನು ಗುರಾಣಿಯಂತೆ ಹಿಡಿದು ಹೋರಾಡಿ, ಅಂತೂ ಹೊಂಬಣ್ಣದ ಒಂದು ತಟ್ಟೆ ಬಜ್ಜಿ ಸಂಪಾದಿಸಿದೆ. ಮಕ್ಕಳು ಇಬ್ಬರೂ ಕೈ ಹಾಕಿದರು. ಕರುಂ ಕುರುಂ ಶಬ್ದ! ನಾನು ಯಶೋಧಾಳ ಕಡೆ ತಿರುಗಿ ಹುಬ್ಬು ಹಾರಿಸಿದೆ.

ತಿರುಗಿ ನೋಡುವಷ್ಟರಲ್ಲಿ ತಟ್ಟೆಯ ಅಂಚಿನಲ್ಲಿ ಬರಿಮೈ ಸೀಗಡಿಗಳು ಸಾಲಾಗಿ ಮಲಗಿದ್ದವು.

"ಇದರ ಸ್ವೆಟರ್ ತುಂಬಾ ಚೆನ್ನಾಗಿದೆ ಅಪ್ಪಾ" ಎಂದಳು ಸಮನ್ವಿತಾ. "ಒಳಗಿರೋರು ಬೇಡ."

ಗಂಟೆ ಒಂದಾಯಿತು. ಉಳಿದದ್ದು ಒಂದು ಬಟ್ಟಲು ಸೀಗಡಿ, ಒಂದು ಬೋಗುಣಿ ಅನ್ನ, ಮುರಿದ ಅಭಿಮಾನ. ಬಚ್ಚಲುಮನೆಗೆ ಹೋಗುವ ನೆಪದಲ್ಲಿ ಅಮ್ಮನ ದಿವಾನದ ಬಳಿ ಹಾದು ಮೆಲ್ಲಗೆ ಕೇಳಿದೆ. "ಅಮ್ಮಾ, ನೀನು ನಮಗೆ ಚಿಕ್ಕಂದಿನಲ್ಲಿ ಹೆಂಗ್ ಮಾಡಿಕೊಡ್ತಿದ್ದೆ?"

ಅಮ್ಮನೂ ದನಿ ತಗ್ಗಿಸಿದಳು. "ನಾಲೇಲಿ ನೀರು ಬುಟ್ಟಾಗ ನಾನು, ನಮ್ಮವ್ವ ಸೀರೆ ಸೆರಗಲ್ಲಿ ಸೋಸ್ಕಂಡು ಬತ್ತಿದ್ದೋ. ಅದಕ್ಕೆ ಬೆಣ್ಣೆ ಎಲ್ಲಿ ತರಾನ? ಅರಿಸಿನ, ಉಪ್ಪು ಸವರೋದು. ಬಿಸಿ ಬಾಣಲೇಲಿ ಒಂದು ತೊಟ್ಟು ಎಣ್ಣೆ. ಬೂದಿ ಬಣ್ಣ ಹೋಗಿ ಕೆಂಪಗೆ ಮುದುರ್ಕಂಡ ತಕ್ಷಣ ಇಳಿಸ್ಬುಡು. ಎರಡು ನಿಮಿಸ. ಮೇಲೆ ನಿಂಬೆಹಣ್ಣು ಹಿಂಡು. ಇಷ್ಟಕ್ಕೆ ಯಾವ ಇದ್ಯೆ ಬೇಕ್ಲಾ?"

ಹಾಗೆಯೇ ಮಾಡಿದೆ. (ಎಣ್ಣೆಯ ಬದಲು ತುಪ್ಪ ಹಾಕಿದ್ದು ನನ್ನ ಸ್ವಂತ ಸಂಶೋಧನೆ.) ಎರಡೇ ನಿಮಿಷ, ಗಡಿಯಾರ ನೋಡಿಕೊಂಡು. ಸೀಗಡಿಗಳು ನಸುಗೆಂಪಾಗಿ, ಬಾಲ ಒಳಗೆಳೆದು ಮುದ್ದಾಗಿ ಮುದುರಿಕೊಂಡವು. ಬಿಸಿ ಅನ್ನಕ್ಕೆ ಬಾಣಲೆಯ ತುಪ್ಪವನ್ನೇ ಕಲಸಿ ಎರಡು ತಟ್ಟೆಗೆ ಹಾಕಿ, ಮೇಲೊಂದೊಂದು ಸೀಗಡಿ ಇಟ್ಟು, ಕೈಮುಗಿಯುವುದೊಂದು ಬಾಕಿ ಎಂಬಂತೆ ಮಕ್ಕಳ ಮುಂದಿಟ್ಟೆ.

ಗೌತಮಿ ತಟ್ಟೆಯನ್ನೇ ದಿಟ್ಟಿಸಿದಳು. ತಲೆ ಓರೆ ಮಾಡಿ ಇನ್ನೊಮ್ಮೆ ದಿಟ್ಟಿಸಿದಳು. ಆಮೇಲೆ ಕೂಗಿದಳು.

"ಅಪ್ಪಾ! ಅರ್ಕಾವತ್ತು!"

ಆ ವಾರ ಅವಳಿಗೆ ಶಾಲೆಯಲ್ಲಿ ಅರ್ಕಾವತ್ತಿನ ಪಾಠ. ಉಕ್ತಲೇಖನದಲ್ಲಿ ಹತ್ತಕ್ಕೆ ಮೂರು ಬಂದಿತ್ತು, ಆ ಒಂದು ಸುರುಳಿ ಅವಳ ಕೈಗೆ ಒಗ್ಗಿರಲಿಲ್ಲ. ಈಗ ನೋಡಿದರೆ ಹೌದು, ಒಂದು ತುದಿ ದುಂಡಗೆ, ಬಾಲ ಡೊಂಕು, ಸಾಕ್ಷಾತ್ ಅರ್ಕಾವತ್ತೇ ಅನ್ನದ ಮೇಲೆ ಮಲಗಿತ್ತು. ಗೌತಮಿ ಬೆರಳಿನಿಂದ ಅನ್ನದಲ್ಲಿ 'ಸೂ' ಬರೆದಳು, 'ಯ' ಬರೆದಳು, ಪಕ್ಕದಲ್ಲಿ ಸೀಗಡಿ ಇಟ್ಟಳು.

"ಸೂರ್ಯ!" ಎಂದವಳೇ ಸೂರ್ಯನನ್ನು ಬಾಯಿಗೆ ಹಾಕಿಕೊಂಡಳು. ಎರಡು ಸಲ ಅಗಿದಳು, ನುಂಗಿದಳು. "ಇನ್ನೊಂದು!"

ಕಾನೂನನ್ನೂ ಅವಳೇ ಮಾಡಿದಳು. ಅರ್ಕಾವತ್ತಿನ ಒಂದು ಪದಕ್ಕೆ ಒಂದು ಸೀಗಡಿ, ಎರಡು ತುತ್ತು ಅನ್ನ. ವರ್ಷ, ಹರ್ಷ, ಅರ್ಧ... ಅಕ್ಕನ ಬಾಯಿ ಆಡುವುದನ್ನು ಕಂಡ ತಂಗಿಗೆ ತಡೆಯಲಾಗಲಿಲ್ಲ. ಅಕ್ಷರ ಬಾರದಿದ್ದರೇನು, ಅವಳು ಕಣ್ಣುಮುಚ್ಚಿ ತನ್ನ ಪುಟ್ಟ ಭಂಡಾರವನ್ನೆಲ್ಲ ತಡಕಿ, "ಬರ್ಫಿ!" ಎಂದಳು. ಅಕ್ಕ ತೀರ್ಪು ಕೊಟ್ಟಳು: ಸರಿ. ಆಮೇಲೆ "ಕುರ್ಚಿ!" ಅದೂ ಸರಿ. ದಿವಾನದಿಂದ ಅಮ್ಮ, "ಏನು ಕರ್ಮನಪ್ಪ ಇದು" ಎಂದಳು. ಕರ್ಮಕ್ಕೂ ಒಂದು ಸೀಗಡಿ ಸಂದಿತು.

ಯಶೋಧಾ ಎದ್ದು ಬಂದು ನಿಂತಿದ್ದಳು. "ನಮ್ಮಮ್ಮ ನರ್ಸ್!" ಎಂದಳು ಗೌತಮಿ. ಯಶೋಧಾಳ ಬಾಯಿಗೆ ಒಂದು ಹೋಯಿತು. ನನಗೆ ಬೆಳಗಿನಿಂದ ಕಾಫಿ ಬಿಟ್ಟರೆ ಏನೂ ಇಲ್ಲ.

"ಅಪ್ಪನಿಗೆ?" ಎಂದು ಬಾಯಿ ತೆರೆದೆ.

"ಅಪ್ಪ ಗುಮಾಸ್ತ" ಎಂದಳು ಗೌತಮಿ ಯೋಚಿಸಿ. "ಅರ್ಕಾವತ್ತು ಇಲ್ಲ."

"ದರ್ಜೆ ಇದೆಯಲ್ಲೇ! ದ್ವಿತೀಯ ದರ್ಜೆ!" ಎಂದು ನಾನು ನೆನಪು ಮಾಡಿಕೊಳ್ಳುವಷ್ಟರಲ್ಲಿ ಬಾಣಲೆಯೂ ಖಾಲಿ, ಎರಡು ತಟ್ಟೆಯೂ ಖಾಲಿ. ಸಮನ್ವಿತಾ ತಟ್ಟೆಯನ್ನು ನೆಕ್ಕುತ್ತಿದ್ದಳು. ಆ ದೃಶ್ಯ ನಮ್ಮ ಮನೆಯ ಚರಿತ್ರೆಯಲ್ಲೇ ಮೊದಲು. ನನ್ನ ಹೊಟ್ಟೆ ಚುರುಗುಟ್ಟುತ್ತಿದ್ದರೂ ಮನಸ್ಸು ತುಂಬಿಬಂದ ಹಾಗಾಯಿತು.

ಯಶೋಧಾ ಮಾತಿಗೆ ತಪ್ಪುವವಳಲ್ಲ. ಅತ್ತೆಯ ಮುಂದೆ ನಿಂತು, ಸೆರಗು ಸರಿಮಾಡಿಕೊಂಡು, ಸ್ಪಷ್ಟವಾಗಿ ಹೇಳಿದಳು.

"ಅತ್ತೆ, ಮಕ್ಕಳಿಗೆ ಉಣ್ಣಿಸೋ ಕಲೆ ಇವರೊಬ್ಬರಿಗೇ ಬರೋದು. ನನಗೆ ಬರಲ್ಲ. ಒಪ್ಕೊಂಡಿದ್ದೀನಿ."

ನಾನು ಎದೆಯುಬ್ಬಿಸಿ, ಸುಟ್ಟ ಬೆರಳುಗಳನ್ನು ಹಿಂದೆ ಕಟ್ಟಿ, ದೊಡ್ಡ ಮನಸ್ಸಿನಿಂದ, "ಅಯ್ಯೋ, ಇದೇನು ಮಹಾ! ದಿನಾ ಬೇಕಾದ್ರೂ ಮಾಡ್ತೀನಿ" ಎಂದುಬಿಟ್ಟೆ.

"ಆಯ್ತು ಕಣ್ರೀ" ಎಂದಳು ಯಶೋಧಾ. ಅಷ್ಟೇ. ಹನ್ನೊಂದು ವರ್ಷದ ಸಂಸಾರದಲ್ಲಿ ಅವಳು ನನ್ನ ಮಾತಿಗೆ ಇಷ್ಟು ಬೇಗ ಆಯ್ತು ಎಂದದ್ದನ್ನು ನಾನು ಕೇಳಿರಲಿಲ್ಲ. ಆಗಲಾದರೂ ಅನುಮಾನ ಬರಬೇಕಿತ್ತು. ಆದರೆ ಷರತ್ತು ಮುಗಿಯಿತೆಂದು ಹೊಸ್ತಿಲು ದಾಟಿ, ಅವಳು ನನಗೆಂದು ಬಿಸಿಬಿಸಿ ಸಾರು ಮಾಡಿ ಬಡಿಸಿದಳು. ಉಂಡೆ, ಮಲಗಿದೆ, ಗೆದ್ದವನ ನಿದ್ದೆ ಮಾಡಿದೆ.

ಸಂಜೆ ಐದಕ್ಕೆ ಪಕ್ಕದ ಕ್ರಾಸಿನ ಚಲುವಮ್ಮ ಬಂದರು. ಯಶೋಧಾಳ ಜೊತೆಯಲ್ಲೇ ಕೆಲಸ ಮಾಡುವ ಹಿರಿಯ ನರ್ಸು. ಕೈಯಲ್ಲೊಂದು ಡಬ್ಬಿ ರವೆ ಉಂಡೆ. ಅದನ್ನು ಯಶೋಧಾಳಿಗಲ್ಲ, ನೇರ ನನ್ನ ಕೈಗೆ ಇಟ್ಟರು.

"ನಿಮ್ಮ ಉಪಕಾರ ಮರೆಯಲ್ಲ ಪ್ರೇಮಣ್ಣ. ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಬೆಳಿಗ್ಗೆ ಹೊತ್ತು ತಾಯಿ ಮಗೂಗೆ ನೀರು ಹಾಕೋಕೆ ನನ್ನ ಬಿಟ್ರೆ ಯಾರಿಲ್ಲ. ಯಶೋಧಾ ತನ್ನ ಮಧ್ಯಾಹ್ನದ ಶಿಫ್ಟು ನನಗೆ ಕೊಟ್ಟು, ನನ್ನ ಬೆಳಗಿನ ಶಿಫ್ಟು ತಗೊಂಡಿದ್ದು ದೊಡ್ಡ ಮಾತು. ಮಕ್ಕಳ ತಿಂಡಿ ಡಬ್ಬಿ ಗತಿ ಏನಮ್ಮ ಅಂದೆ. ಅದಕ್ಕೆ ಅವಳು, ನಮ್ಮೆಜಮಾನ್ರು ಒಂದು ತಿಂಗಳು ನೋಡ್ಕೋತಾರೆ ಬಿಡಕ್ಕ ಅಂದ್ಲು."

ನಾನು ನಕ್ಕೆ. ಆಮೇಲೆ ಏನೋ ಹೊಳೆಯಿತು. "ಯಾವಾಗ ಅಂದ್ಲು ಚಲುವಮ್ಮಾವ್ರೇ?"

"ಶುಕ್ರವಾರ ಕಣಣ್ಣ. ಅವತ್ತೇ ಇಬ್ಬರೂ ಬರೆದುಕೊಟ್ವಲ್ಲ."

ಶುಕ್ರವಾರ! ಶುಕ್ರವಾರ ನನಗೆ ಸೀಗಡಿಯ ಸುಳಿವೇ ಸರಿಯಾಗಿ ಇರಲಿಲ್ಲ! ಚಲುವಮ್ಮನವರು ಗೇಟು ದಾಟಿದ ಮೇಲೆ ಹೆಂಡತಿಯ ಕಡೆ ತಿರುಗಿದೆ. ಅವಳು ನಾಳಿನ ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದಳು.

"ಅಂದ್ರೆ ನಾನು ಸೋತೇ ಸೋಲ್ತೀನಿ ಅಂತ ನಿನಗೆ ಅಷ್ಟು ಗ್ಯಾರಂಟಿ ಇತ್ತಾ?"

"ಛೇ, ಇಲ್ಲಪ್ಪ. ಸೋತಿದ್ರೆ ಷರತ್ತಿನ ಪ್ರಕಾರ ನೀವು ಮಾಡ್ತಿದ್ರಿ. ಗೆದ್ರೆ ಖುಷೀಲಿ ನೀವೇ ಮಾಡ್ತಿದ್ರಿ." ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಅವಳು ನನ್ನ ಮುಖ ನೋಡಿದಳು. "ಆದ್ರೆ ಗೆಲ್ಲಲಿ ಅಂತಲೇ ಇತ್ತು ಕಣ್ರೀ ನನಗೆ. ಅವಳು ತಟ್ಟೆ ನೆಕ್ಕೋದನ್ನ ನೋಡಿದ್ರಾ?"

ನೋಡಿದ್ದೆ. ಅದನ್ನು ನೆನೆದರೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ, ಎಷ್ಟು ಪ್ರಯತ್ನಪಟ್ಟರೂ. ಒಂದು ರವೆ ಉಂಡೆ ಬಾಯಿಗೆ ಹಾಕಿಕೊಂಡು, ಎದ್ದು ಅಡುಗೆಮನೆಗೆ ಹೋದೆ. ನಾಲ್ಕೈದು ಡಬ್ಬಿಗಳ ಮುಚ್ಚಳ ತೆಗೆದು, ಮೂಸಿ, ಮತ್ತೆ ಮುಚ್ಚಿದೆ. ಆಮೇಲೆ ಹೊಸ್ತಿಲಿನ ಈಚೆಯಿಂದ ಆದಷ್ಟು ಗಂಭೀರವಾದ ದನಿಯಲ್ಲಿ ಕೇಳಿದೆ.

"ಏ ಯಶೋಧಾ, ಇದರಲ್ಲಿ ಉಪ್ಪಿಟ್ಟಿನ ರವೆ ಯಾವುದು?"