ಎಣ್ಣೆ ಹಾಡಿನ ಮೊದಲ ಹೆಸರು

ಹಬ್ಬದ ಹಾಡು ನೆನಪಾದರೆ ಕೆಲವರ ಕಣ್ಣು ಒದ್ದೆಯಾಗುತ್ತದೆ. ನನ್ನ ಕಣ್ಣು ಉರಿಯುತ್ತದೆ. ಇದರಲ್ಲಿ ಭಾವುಕತೆಯೇನೂ ಇಲ್ಲ. ನಮ್ಮ ಮನೆಯ ದೀಪಾವಳಿ ಹಾಡಿಗೂ ಕಾಳುಮೆಣಸು ಹಾಕಿ ಕಾಯಿಸಿದ ತೆಂಗಿನೆಣ್ಣೆಗೂ ಅಂಥ ನಂಟು. ಮೂಡಬಿದ್ರೆಯ ಶಾಲೆಯಲ್ಲಿ ಪದ್ಯ ಕಲಿಸುವ ಮಾಸ್ತರನಾದರೂ ರಾಗ ಎಂಬುದು ನನ್ನ ಗಂಟಲ ಹತ್ತಿರ ಸುಳಿದದ್ದಿಲ್ಲ. ನನಗೆ ಪೂರ್ತಿ ಬರುವುದು ಇದೊಂದೇ ಹಾಡು.

ಐವತ್ತರ ದಶಕದ ಮೊದಲ ವರ್ಷಗಳಲ್ಲಿ, ವಾಮದಪದವಿನ ನಮ್ಮ ಮನೆಯಲ್ಲಿ, ನರಕ ಚತುರ್ದಶಿಯ ಬೆಳಿಗ್ಗೆ ಅಪ್ಪ, ಅಣ್ಣ, ಅಕ್ಕ, ನಾನು ಸಾಲಾಗಿ ಮಣೆಗಳ ಮೇಲೆ ಕೂರಬೇಕು. ಅಮ್ಮ ಎಲ್ಲರ ತಲೆಗೂ ಎಣ್ಣೆ ಹೊಯ್ದು ಹಾಡು ಎತ್ತುವಳು. ಹಿರಿಯರಿಂದ ಕಿರಿಯರಿಗೆ, ನುಡಿಗೊಂದು ಹೆಸರು. ಹೆಸರು ಬಂದವರು ಎದ್ದು ಹೋಗಿ ಮಿಂದು ಬಂದ ಮೇಲೆಯೇ ಮುಂದಿನ ನುಡಿ. ಕೊನೆಯವನಾದ ನನ್ನ ಸರದಿ ಬರುವಷ್ಟರಲ್ಲಿ ಎಣ್ಣೆ ಹಣೆಯಿಂದಿಳಿದು ಕಣ್ಣು ಸೇರಿರುತ್ತಿತ್ತು, ಹಂಡೆಯ ನೀರು ತಣಿದಿರುತ್ತಿತ್ತು.

“ಅಮ್ಮಾ, ಒಂದು ವರ್ಷವಾದರೂ ನನ್ನನ್ನು ಮೊದಲು ಕಳಿಸು.”

“ಅಪ್ಪನಿಗಿಂತ ಮೊದಲು ಹುಟ್ಟಬೇಕಿತ್ತು ಮಾರಾಯ, ನಾನೇನು ಮಾಡುವುದು?”

ಆ ಕಾಲದ ಹೆಂಗಸರೆಲ್ಲರಂತೆ ಅಮ್ಮ ಗಂಡನ ಹೆಸರು ಹೇಳುತ್ತಿರಲಿಲ್ಲ. ಅಂಚೆಯವನು ಬಂದು ಕೇಳಿದರೂ ನನ್ನನ್ನು ಮುಂದೆ ತಳ್ಳುವಳು. ಹಾಡಿಗೆ ಮಾತ್ರ ಆ ಕಟ್ಟುಪಾಡಿಲ್ಲವೆಂದು ಅವಳ ಅಮ್ಮ ಹೇಳಿಕೊಟ್ಟಿದ್ದಳಂತೆ. ವರ್ಷಕ್ಕೊಂದು ಬೆಳಿಗ್ಗೆ ‘ಮಂಜಪ್ಪ’ ಎಂದು ಬಾಯಿ ತುಂಬ ಹಾಡುವಳು. ಅಪ್ಪ ಎಣ್ಣೆ ಮುಖದಲ್ಲೇ ನಾಚಿ, ಕೇಳಿಸದವರಂತೆ ಕೂತಿರುತ್ತಿದ್ದರು. ಅಮ್ಮ ಇನ್ನೊಮ್ಮೆ ಹಾಡಿದ ಮೇಲೆಯೇ ಏಳುತ್ತಿದ್ದರು. ನನ್ನ ನೀರು ತಣಿಯಲು ಅದೂ ಒಂದು ಕಾರಣ.

ನನಗೆ ಹದಿನೈದಾದಾಗ ಅಪ್ಪ ಜ್ವರದಲ್ಲಿ ಹೋದರು. ಆ ವರ್ಷ ಹಬ್ಬವಿರಲಿಲ್ಲ. ಮರುವರ್ಷ ಮೂರೇ ಮಣೆ. ಅಮ್ಮ ರೂಢಿಯಂತೆ ಅಪ್ಪನ ಹೆಸರನ್ನೇ ಹಾಡಿಬಿಟ್ಟಳು. ಯಾರೂ ಏಳಲಿಲ್ಲ. ಇನ್ನೊಮ್ಮೆ ಹಾಡಿದಳು. ಅಕ್ಕ ಮೊಣಕಾಲಿನಲ್ಲಿ ಮುಖ ಹುದುಗಿಸಿದಳು, ಅಣ್ಣ ಗೋಡೆ ನೋಡಿದ. ಏಳುವವರಿಲ್ಲದೆ ಹಾಡು ಅಲ್ಲೇ ನಿಂತಿತು. ಅಷ್ಟರಲ್ಲಿ ಒಂದು ಹನಿ ಎಣ್ಣೆ ನನ್ನ ಕಣ್ಣಿಗಿಳಿಯಿತು. ನಾನು ಧಡಕ್ಕನೆ ಎದ್ದು ಬಚ್ಚಲಿಗೆ ಓಡಿದೆ.

ಮಿಂದು ಬಂದಾಗ ಅಮ್ಮ ನನ್ನ ಕೆಂಪು ಕಣ್ಣನ್ನು ಸೆರಗಿನಿಂದ ಒರೆಸಿ ಅಂದಳು, “ಅಪ್ಪನ ಹೆಸರಿಗೆ ನೀನಾದರೂ ಎದ್ದೆಯಲ್ಲ ಮಗಾ. ಇಲ್ಲದಿದ್ದರೆ ಇನ್ನು ಆ ಹೆಸರು ನಾನು ಹೇಳುವುದೆಲ್ಲಿ?”

ಜೀವಮಾನದಲ್ಲಿ ಮೊದಲ ಸಲ ಸುಡುಸುಡು ನೀರು ಸಿಕ್ಕಿತ್ತು, ಅದು ಹಿತವಾಗಿಯೂ ಇತ್ತು ಎಂಬುದು ಇವತ್ತಿಗೂ ನನಗೆ ನಾಚಿಕೆ. ಆಮೇಲೆ ಪ್ರತಿ ದೀಪಾವಳಿಗೂ ಅಪ್ಪನ ಹೆಸರಿಗೆ ನಾನೇ ಎದ್ದೆ. ಅಮ್ಮ ಗುರುವಾಯನಕೆರೆಯ ನೆಂಟರ ತನಕ ಎಲ್ಲರೆದುರೂ ನನ್ನ ಪಿತೃಭಕ್ತಿಯನ್ನು ಕೊಂಡಾಡಿದಳು. ನಾನು ತಲೆ ತಗ್ಗಿಸಿ ಕೂರುತ್ತಿದ್ದೆ. ಅದನ್ನು ಅವರು ವಿನಯವೆಂದುಕೊಂಡರು.

ಅಮ್ಮ ಹೋಗಿ ಎರಡು ವರ್ಷವಾಯಿತು. ಈ ಸಲದ ಹಬ್ಬಕ್ಕೆ ಹೆಂಡತಿ ನನಗೂ ಮಕ್ಕಳಿಬ್ಬರಿಗೂ ಎಣ್ಣೆ ಹೊಯ್ದಳು. ಹಾಡು ಅವಳಿಗೆ ಬಾರದ್ದರಿಂದ ನಾನೇ ಎತ್ತಿದೆ. ಅಮ್ಮ ತನ್ನ ಹೆಸರನ್ನು ಎಂದೂ ಹಾಡಿಕೊಂಡವಳಲ್ಲ. ಅಪ್ಪನ ನುಡಿ ಹಾಡಿ, ನಾನೇ ಎದ್ದು ಮಿಂದು ಬಂದು, ಮೊದಲ ಬಾರಿ ಅವಳ ಹೆಸರನ್ನೂ ಸೇರಿಸಿದೆ. ಆಗಲೇ ಐದು ವರ್ಷದ ಮಗಳು ಎದ್ದು ಬಚ್ಚಲಿಗೆ ಓಡಿದಳು. ನಾನೂ ಹಿಂದೆಯೇ ಓಡಿ ಅವಳನ್ನು ಅಪ್ಪಿಕೊಂಡೆ.

“ಅಜ್ಜಿಯ ಹೆಸರಿಗೆ ಎದ್ದೆಯಾ ಮಗಳೇ?”

“ಅಲ್ಲಪ್ಪ, ಕಣ್ಣು ಉರೀತಾ ಉಂಟು.”

ನಾನು ಇಷ್ಟು ವರ್ಷ ಹೇಳಲಾರದ ಮಾತನ್ನು ಅವಳು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅವಳ ಕೆಂಪು ಕಣ್ಣನ್ನು ಪಂಚೆಯ ತುದಿಯಿಂದ ಒರೆಸುವಾಗ ಹೊಳೆಯಿತು, ಅಮ್ಮನೂ ಅಂದು ನನ್ನ ಕಣ್ಣು ನೋಡಿದ್ದಳಲ್ಲ!

ಹೊರಗೆ ಬಂದು ಹೆಂಡತಿಗೆ ಹೇಳಿದೆ, “ನೋಡಿದೆಯಾ, ಅಜ್ಜಿಯ ಹೆಸರಿಗೆ ಎದ್ದಳು.”