ಅನುಮಾನರಾಯರೂ ಅಗ್ಗದ ರಾಟೆಯೂ

"ನನ್ನ ಕಣ್ಣು ತಪ್ಪಿಸಿ ಈ ಮನೆಯಲ್ಲಿ ಒಂದು ಸೂಜಿ ಕೂಡ ಅಲುಗಾಡೋ ಹಾಗಿಲ್ಲ!" ಎಂದು ಅನುಮಾನರಾಯರು ಕನ್ನಡಿಯ ಮುಂದೆ ಪ್ರತಿಜ್ಞೆ ಮಾಡಿದರು. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ; ಉಗ್ರಾಣದಲ್ಲಿ ಸರಕು ತಪಾಸಣೆ ಮಾಡುವ ಅವರಿಗೆ ಸಹೋದ್ಯೋಗಿಗಳು ದಯಪಾಲಿಸಿದ ಬಿರುದು. ಮುಚ್ಚಿದ ಪೆಟ್ಟಿಗೆ ಕಂಡರೆ ಒಳಗೇನೋ ಕಡಿಮೆಯಿದೆ ಎನ್ನುವರು. ತೆರೆದ ಪೆಟ್ಟಿಗೆ ಕಂಡರೆ ಯಾರೋ ಕೈ ಹಾಕಿದ್ದಾರೆ ಎನ್ನುವರು!

ಈಗ ಅವರ ಕಣ್ಣು ಬಿದ್ದಿದ್ದು ಒಂದು ರಾಟೆಯ ಮೇಲೆ. ಹೆಂಡತಿಗೆ ಹೆಣಿಗೆಯ ಹುಚ್ಚು. ಉಣ್ಣೆಯ ಲಡಿ ತಂದರೆ ಮೊದಲು ಅದನ್ನು ಉಂಡೆ ಸುತ್ತಬೇಕು. ಇಷ್ಟು ವರ್ಷ ಆ ಲಡಿಯನ್ನು ತೊಡಿಸಿಕೊಂಡು ಎರಡೂ ಕೈ ಚಾಚಿ ಕೂರುವ ಘನ ಹುದ್ದೆ ರಾಯರದಾಗಿತ್ತು. ಅವರು ಕಚೇರಿಯ ಕಥೆಯನ್ನೆಲ್ಲ ಎಳೆ ಎಳೆಯಾಗಿ ಬಿಚ್ಚುವರು, ಆಕೆ ದಾರ ಎಳೆದು ಸುತ್ತುವಳು. ಹೀಗಿರುವಾಗ ಆಕೆ ಒಂದು ಅಗ್ಗದ ರಾಟೆ ತಂದಳು. ನೋಡಲು ಬಟ್ಟೆ ಕಿತ್ತುಹೋದ ಕೊಡೆ. ಕಡ್ಡಿಗಳನ್ನು ಅರಳಿಸಿ, ಲಡಿ ತೊಡಿಸಿ, ತುದಿ ಎಳೆದರಾಯಿತು. ಗಿರಗಿರನೆ ತಿರುಗಿ ದಾರ ಬಿಡುತ್ತದೆ. ರಾಯರ ಹುದ್ದೆ ರದ್ದಾಯಿತು!

"ಇಷ್ಟು ಅಗ್ಗಕ್ಕೆ ಕೊಟ್ಟಿದ್ದಾರೆ ಅಂದ್ರೆ ಏನೋ ಮೋಸ ಇದೆ ಕಣೇ. ಉಂಡೆ ಸುತ್ತೋಕೆ ಹೋಗಿ ಉಂಡೆನಾಮ ಹಾಕಿಸಿಕೊಂಡು ಬಂದಿದ್ದೀಯ!"

"ತಿರುಗುತ್ತೆ ತಾನೇ? ಸಾಕು ಬಿಡಿ."

"ನನ್ನ ಕೈ ಏನು ತಪ್ಪು ಮಾಡಿತ್ತು?"

"ಅದಕ್ಕೂ ಸ್ವಲ್ಪ ಬಿಡುವು ಕೊಡಿ ರೀ, ಪಾಪ."

ಆ 'ಪಾಪ'ದಲ್ಲೇ ರಾಯರಿಗೆ ಏನೋ ಪಾಪದ ವಾಸನೆ ಹೊಡೆಯಿತು.

ವಾಸನೆ ದಿನೇದಿನೇ ಗಾಢವಾಯಿತು. ರಾಟೆಯಿಂದ ಉಂಡೆ ಬೇಗ ಮುಗಿಯುತ್ತಿತ್ತು. ಮುಗಿದ ಕೂಡಲೇ ಹೆಂಡತಿ ಚೀಲ ಹೆಗಲಿಗೇರಿಸಿ ಹೊರಡುವಳು. ಎಲ್ಲಿಗೆ? "ಇಲ್ಲೇ." ಯಾಕೆ? "ಸುಮ್ಮನೆ." ಉಗ್ರಾಣದಲ್ಲಿ ಯಾರಾದರೂ ಹಾಗೆಂದರೆ ರಾಯರು ಅವರ ಚೀಲವನ್ನು ತಲೆಕೆಳಗು ಮಾಡಿ ಕೊಡವುತ್ತಿದ್ದರು. ಹೆಂಡತಿಯ ಚೀಲ ಮುಟ್ಟುವ ಧೈರ್ಯವೆಲ್ಲಿ? ನಿಜ ಹೇಳಬೇಕೆಂದರೆ ಅವರಿಗೆ ಕೋಪಕ್ಕಿಂತ ಭಯವೇ ಹೆಚ್ಚಾಗಿತ್ತು. ಇವತ್ತು ಕೈ ಬೇಡವಾಯಿತು, ನಾಳೆ ಮನುಷ್ಯನೇ ಬೇಡವಾದರೆ?

ಅಂದು ಸಂಜೆ ಆಕೆ ಹೊಸ ಕಿತ್ತಳೆ ಬಣ್ಣದ ಲಡಿಯನ್ನು ರಾಟೆಗೆ ತೊಡಿಸಿಟ್ಟು ಹೊರಟಳು. ರಾಯರು ರಾಟೆಯ ಮೇಲೆ ಬಗ್ಗಿ ಅದನ್ನು ತಟ್ಟಿದರು, ಮೂಸಿದರು, ಕಿವಿಗೊಟ್ಟು ಕೇಳಿದರು. ಅದು ಬಾಯಿ ಬಿಡಲಿಲ್ಲ. "ನಿನ್ನನ್ನ ಆಮೇಲೆ ವಿಚಾರಿಸ್ಕೋತೀನಿ!" ಎಂದು ಗದರಿ, ಬಾಗಿಲನ್ನೂ ಹಾಕದೆ ಹೆಂಡತಿಯ ಹಿಂದೆ ಓಡಿದರು. ದಾರದ ತುದಿ ತಮ್ಮ ಸ್ವೆಟರಿನ ಗುಂಡಿಗೆ ಸಿಕ್ಕಿಕೊಂಡಿದ್ದು ಈ ಮಹಾ ಪತ್ತೇದಾರರಿಗೆ ಪತ್ತೆಯಾಗಲಿಲ್ಲ. ಅಗ್ಗದ ರಾಟೆಗೆ ತಡೆಯೂ ಇಲ್ಲ, ಬಿಗಿಯೂ ಇಲ್ಲ. ಕೇಳಿದಷ್ಟು ದಾರ ಕೊಡುತ್ತಾ ಮನೆಯೊಳಗೆ ಗಿರಕಿ ಹೊಡೆಯತೊಡಗಿತು.

ಮೆಟ್ಟಿಲಿಳಿದು ಬಂದಾಗ ಕೆಳಗೆ ಕಟ್ಟಡದ ಕಾವಲುಗಾರ ಕಿಸಕ್ಕನೆ ನಕ್ಕ. "ಸಾರ್, ನಿಮ್ಮ ಹಿಂದೆ..."

"ಗೊತ್ತು! ನನ್ನ ಹಿಂದೆ ಯಾರೋ ಇದ್ದಾರೆ ಅಂತ ನನಗೆ ಮೊದಲೇ ಗೊತ್ತಿತ್ತು!"

ರಾಯರು ಸರ್ರನೆ ತಿರುಗಿ ನೋಡಿದರು. ಒಂದು ಬೆಕ್ಕು ಮಾತ್ರ ಬರುತ್ತಿತ್ತು. ಅದರ ನಡಿಗೆಯೂ ಸರಿಯಿರಲಿಲ್ಲ! ಹಿಂಬಾಲಿಸುವವರ ದಿಕ್ಕು ತಪ್ಪಿಸಲೆಂದು ದೀಪದ ಕಂಬವನ್ನು ಒಂದು ಸುತ್ತು ಹಾಕಿ, ಬೀದಿಬದಿಯ ಟೈಲರನ ಸ್ಕೂಟರಿಗೂ ಒಂದು ಸುತ್ತು ಬಂದು, ರಸ್ತೆ ದಾಟಿ, ಔಷಧಿ ಅಂಗಡಿಯ ಬೋರ್ಡಿನ ಹಿಂದೆ ಅಡಗಿ ಕೂತರು.

ಎದುರಿಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಹೆಂಡತಿ ಒಬ್ಬಳೇ ಹೆಣೆಯುತ್ತಿದ್ದಳು. ಬಸ್ಸು ಬಂತು, ಹೋಯಿತು. ಆಕೆ ಹತ್ತಲಿಲ್ಲ, ಯಾರೂ ಇಳಿಯಲಿಲ್ಲ. ಅಷ್ಟರಲ್ಲಿ ಟೈಲರ್ ಕೂಗಿದ.

"ಯಾರ್ರೀ ಅದು, ನನ್ನ ಸ್ಕೂಟರನ್ನ ಉಣ್ಣೆ ದಾರದಲ್ಲಿ ಕಟ್ಟಿಹಾಕಿದ್ದು?"

ಹೆಂಡತಿ ತಲೆಯೆತ್ತಿದಳು. "ಅಯ್ಯೋ, ಅದು ನನ್ನ ಕಿತ್ತಳೆ ಲಡಿ!"

ಆಗ ರಾಯರು ತಮ್ಮ ಗುಂಡಿಯನ್ನು ನೋಡಿಕೊಂಡರು. ಸಿಕ್ಕು ಬಿಡಿಸಲು ಒದ್ದಾಡಿದಾಗ ಇನ್ನೊಂದು ಗುಂಡಿಗೂ ಗಂಟು ಬಿತ್ತು. ಹೆಂಡತಿ ದಾರದ ಜಾಡು ಹಿಡಿದು, ಸುತ್ತಿಕೊಳ್ಳುತ್ತಾ ಸುತ್ತಿಕೊಳ್ಳುತ್ತಾ ಬಂದಳು. ಕೊನೆಗೆ ಉಂಡೆ ಬಂದು ಅವರ ಎದೆಗೆ ಮುಟ್ಟಿತು. ರಾಯರು ಸಿಕ್ಕಿಬಿದ್ದರು!

"ಇಲ್ಲೇನ್ರೀ ಮಾಡ್ತಿದ್ದೀರಿ?"

"ಇಲ್ಲೇ... ಸುಮ್ಮನೆ..." ಎಂದು ತೊದಲಿ, ತಡೆಯಲಾರದೆ ಕೇಳಿಯೇಬಿಟ್ಟರು. "ನೀನು ಯಾರನ್ನ ಕಾಯ್ತಾ ಇದ್ದೆ?"

"ಯಾರನ್ನೂ ಇಲ್ಲ! ಯಾರೂ ಇರಲ್ಲ ಅಂತಾನೇ ಇಲ್ಲಿಗೆ ಬರೋದು."

ರಾಯರು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. "ಹಾಗಾದ್ರೆ ನನ್ನ ಕೈ ನಿಜವಾಗ್ಲೂ ಬೇಡವಾಯ್ತಾ?"

"ಕೈ ಚೆನ್ನಾಗೇ ಇತ್ತು ಕಣ್ರೀ. ಅದರ ಜೊತೆ ಬಾಯಿನೂ ಬರ್ತಿತ್ತಲ್ಲ! ಉಂಡೆ ಮುಗಿದ್ರೂ ಕಥೆ ಮುಗೀತಿರಲಿಲ್ಲ, ಹೆಣಿಗೆಯ ಒಂದು ಸಾಲೂ ನೆಟ್ಟಗೆ ಎಣಿಸೋಕೆ ಬಿಡ್ತಿರಲಿಲ್ಲ."

ಇಬ್ಬರೂ ಮನೆಗೆ ಬಂದರು. ರಾಟೆ ಮೇಜಿನಿಂದ ಬಿದ್ದು ಕಡ್ಡಿಗಳೆಲ್ಲ ಮುರಿದು ಕೈಕಾಲು ಚೆಲ್ಲಿ ಮಲಗಿತ್ತು. ಉಳಿದ ಲಡಿ ಸಿಕ್ಕುಸಿಕ್ಕಾಗಿತ್ತು. ಹೆಂಡತಿ ನಿಟ್ಟುಸಿರು ಬಿಟ್ಟಳು.

"ಚಾಚಿ ಕೈ."

ರಾಯರ ಮುಖ ಊರಗಲವಾಯಿತು! ಕೈ ಚಾಚಿ, ಲಡಿ ತೊಡಿಸಿಕೊಂಡು, ಗಂಟಲು ಸರಿಮಾಡಿಕೊಂಡರು. "ಅಲ್ಲ ಕಣೇ, ರಾಟೆ ತಾನಾಗೇ ಬಿತ್ತು ಅಂದ್ರೆ ನನಗೆ ಯಾಕೋ ಅನು..."

ಬಾಯಿ ಪೂರ್ತಿ ತೆರೆಯುವುದನ್ನೇ ಕಾದಿದ್ದ ಹೆಂಡತಿ, ಲಡಿಯ ಇನ್ನೊಂದು ತುದಿಯನ್ನು ಅವರ ಹಲ್ಲುಗಳ ನಡುವೆ ಇಟ್ಟಳು.

"ಗಟ್ಟಿಯಾಗಿ ಕಚ್ಕೊಳ್ಳಿ, ಬಿಟ್ರೆ ಮತ್ತೆ ಸಿಕ್ಕಾಗುತ್ತೆ. ಹಾಂ! ಈಗ ನೋಡಿ, ಆ ರಾಟೆಗಿಂತ ನೀವೇ ವಾಸಿ!"